ಶಿವಲಿಂಗವ್ವನ ಗಡಿಗೆ

ಧಾರವಾಡದ ಹತ್ತಿರದ ಮುಗದದಿಂದ ಎರಡು ಮೈಲು ಆಚೆಯ ಒಂದು ಹಳ್ಳಿಯಲ್ಲಿ ಬೆಂಕಿ ದಂಡು ಕಟ್ಟಿದವನು ಅರ್ಜುನಪ್ಪ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ತಂಡದೊಳಗೆ ಹದಿನೆಂಟು ವರ್ಷ ದುಡಿದು, ೧೯೬೧ರ ಯುಗಾದಿಗೆ ಊರಿಗೆ ಮರಳಿದ್ದ. ಮನೆ ಕೆಳಗಿನ ಕೇರಿಯಲ್ಲಿ. ಅಲ್ಲಿ ಇಪ್ಪತ್ತೆರಡು ಮನೆ, ಎಲ್ಲಕ್ಕೂ ಹುಲ್ಲಿನ ಛಾವಣಿ. ಹಿಂದೊಮ್ಮೆ ಅವನ ಅಕ್ಕ ಉಡಚವ್ವನ ಗುಡಿಸಲಿಗೆ ಬೆಂಕಿ ಬಿದ್ದಾಗ ಕರು ಕಟ್ಟಿದಲ್ಲೇ ಸುಟ್ಟುಹೋಗಿತ್ತು. ಕೆರೆ ಕೂಗಳತೆಯಲ್ಲೇ ಇತ್ತು, ಮಂದಿಯೂ ಇದ್ದರು. ಆದರೆ ಕೆರೆಗೆ ಇಳಿಯುವವರು ಮೇಲಿನ ಓಣಿಯವರು ಮಾತ್ರ. ಅವರು ತಮ್ಮ ಗಡಿಗೆಯಿಂದ ಕೇರಿಯವರ ಗಡಿಗೆಗೆ, ಒಂದಕ್ಕೊಂದು ತಾಗದ ಹಾಗೆ, ಎತ್ತರದಿಂದ ಸುರಿಯಬೇಕು. ಅರ್ಧ ನೀರು ನೆಲದ ಪಾಲು. ಇನ್ನೊಮ್ಮೆ ಹಾಗಾಗಬಾರದು ಎಂಬುದೊಂದೇ ಅರ್ಜುನಪ್ಪನ ತಲೆಯಲ್ಲಿ.

ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಾದ್ದರಿಂದ ಅಂದೇ ಕವಾಯತು. ಕೆರೆಯಿಂದ ಕೇರಿಯವರೆಗೆ ಅರವತ್ತು ಮಂದಿ ಸಾಲಾಗಿ ನಿಲ್ಲುವುದು, ತುಂಬಿದ ಗಡಿಗೆ ಕೈಯಿಂದ ಕೈಗೆ ಮುಂದೆ, ಬರಿಗಡಿಗೆ ಹಿಂದೆ. ಮೇಲಿನ ಓಣಿಯ ಸಾಲಿನ ಕೊನೆಗೆ ಗೌಡರ ಮನೆಯ ಹಿರಿಯಳು ಶಿವಲಿಂಗವ್ವ. ಅವಳಾದ ಮೇಲೆ ಕೇರಿಯ ಸಾಲಿನ ಮೊದಲಿಗೆ ಅರ್ಜುನಪ್ಪನ ಹೆಂಡತಿ ಸತ್ಯವ್ವ. ಸಾಲು ಮುರಿಯುತ್ತಿದ್ದದ್ದು ಅಲ್ಲೇ. ಶಿವಲಿಂಗವ್ವ ಗಡಿಗೆ ಕೊಡುತ್ತಿರಲಿಲ್ಲ, ಸುರಿಯುತ್ತಿದ್ದಳು.

"ಅವ್ವಾರ, ಹತ್ತು ಗಡಿಗಿ ತುಂಬಿ ಬಂದ್ರ ಆರ ಮುಟ್ಟಾಕತ್ತಾವರಿ," ಅಂದ ಅರ್ಜುನಪ್ಪ.

"ಹ್ವಾದ ವಾರ ಐದು ಮುಟ್ಟಿದ್ವು. ಸುಧಾರಿಸೇವಲ್ಲ?" ಅಂದಳು ಶಿವಲಿಂಗವ್ವ. "ಮಣ್ಣಿನ ಗಡಿಗಿ ಇದು ಅರ್ಜುನಪ್ಪಾ. ಹಿತ್ತಾಳಿದಾಗಿದ್ರ ಹುಣಸಿಹಣ್ಣು ಹಚ್ಚಿ ತಿಕ್ಕಿ ಒಳಗ ತೊಗೋತಿದ್ದೆ. ಇದನ್ನೇನು ತಿಕ್ಕಲಿ?"

ಸತ್ಯವ್ವ ತಲೆ ಎತ್ತದೆ ಅಂದಳು: "ಅವ್ವಾರ ಸುರಿಯೋದ್ರಾಗ ನನ್ನ ಸೀರಿಯಂತೂ ವಾರಕ್ಕೊಮ್ಮೆ ತಾನ ಒಗದಂಗ ಆಗತೈತಿ ಬಿಡ್ರಿ."

ಶಿವಲಿಂಗವ್ವನಿಗೂ ನಗು ಬಂತು. ನಗುತ್ತಲೇ ಮುಂದಿನ ಗಡಿಗೆಯನ್ನೂ ಎತ್ತರದಿಂದ ಸುರಿದಳು.

ಆ ವರ್ಷ ಊರಲ್ಲಿ ಬೆಂಕಿಯೇ ಬೀಳಲಿಲ್ಲ. ದಂಡು ಸುಮ್ಮನೆ ಕೂರಲೂ ಇಲ್ಲ. ಮಳೆಗೆ ಮೊದಲು ಸಾಲೆಯ ಹಂಚು ಕೂಡಿಸಿತು. ಹಾಳುಬಾವಿಗೆ ಬಿದ್ದ ಲಾಲಸಾಬನ ಎಮ್ಮೆಯನ್ನು ಹಗ್ಗ ಹಾಕಿ ಎತ್ತಿತು. ಶ್ರಾವಣದ ಕೆಸರಿನಲ್ಲಿ ಚಕ್ಕಡಿ ಹೂತುಹೋಗುವಾಗ, ಹೆರಿಗೆಗೆ ಒದ್ದಾಡುತ್ತಿದ್ದ ಶಿವಲಿಂಗವ್ವನ ಸೊಸೆಯನ್ನು ಹೊರಸಿನ ಮೇಲೆ ಮಲಗಿಸಿ, ಮುಗದದ ರೈಲು ನಿಲ್ದಾಣದವರೆಗೆ ಹೊತ್ತು, ಧಾರವಾಡದ ಗಾಡಿ ಹತ್ತಿಸಿತು. ಹೆಗಲು ಕೊಟ್ಟ ನಾಲ್ವರಲ್ಲಿ ಇಬ್ಬರು ಕೇರಿಯವರು.

"ಎಲ್ಲಾ ಮಾಡ್ತಾರ್ರಿ ಇವ್ರು," ಎಂದು ಲಾಲಸಾಬ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. "ಬೆಂಕಿ ದಂಡು ಎಮ್ಮಿ ಕಂಡೈತಿ, ಕೂಸು ಕಂಡೈತಿ. ಬೆಂಕಿ ಒಂದ ಕಂಡಿಲ್ಲ."

"ಕಾಣದಿದ್ರ ಛಲೋ ಆತಲ್ಲೋ ಮಾರಾಯಾ," ಅನ್ನುತ್ತಿದ್ದ ಅರ್ಜುನಪ್ಪ. ಆದರೆ ಹತ್ತಕ್ಕೆ ಆರು ಎಂಬ ಲೆಕ್ಕ ಅವನನ್ನು ಬಿಡಲಿಲ್ಲ.

ಮರುವರ್ಷ ಹೋಳಿ ಮುಗಿದ ವಾರ, ಸುಡು ಮಧ್ಯಾಹ್ನ, ಉಡಚವ್ವನ ಪಕ್ಕದ ನೀಲಪ್ಪನ ಛಾವಣಿಯಿಂದ ಹೊಗೆ ಎದ್ದಿತು. ಒಲೆಯ ಕಿಡಿ ಹಾರಿತ್ತು. ಅರ್ಜುನಪ್ಪ ತಗಡು ಬಾರಿಸಿದ, ಸಾಲು ನಿಂತಿತು. ಅವನು ಉಡಚವ್ವನ ಛಾವಣಿ ಏರಿ, ಬೆಂಕಿ ಇತ್ತ ಹಬ್ಬದಂತೆ ಕೊಕ್ಕೆಯಿಂದ ಹುಲ್ಲು ಕೀಳುತ್ತ ನೀರಿಗೆ ಕೂಗಿದ. ಮೊದಲ ಗಡಿಗೆ ಅರ್ಧ ಬಂತು. ಎರಡನೆಯದು ಅರ್ಧಕ್ಕೂ ಕಡಿಮೆ.

ಮೇಲಿನಿಂದ ಅವನಿಗೆ ಸಾಲು ಪೂರ್ತಿ ಕಾಣುತ್ತಿತ್ತು. ಶಿವಲಿಂಗವ್ವ ಮೂರನೆಯ ಗಡಿಗೆ ಎತ್ತಿ ಬಗ್ಗಿಸಿದಳು. ಬೀಸುಗಾಳಿಗೆ ನೀರು ಅಡ್ಡ ಹಾರಿ ಮಣ್ಣಿಗೆ ಬಿತ್ತು. ಅವಳು ಆ ಮಣ್ಣನ್ನು ನೋಡಿದಳು, ಹೊಗೆಯನ್ನು ನೋಡಿದಳು. ಹಿಂದಿನಿಂದ ನಾಲ್ಕನೆಯದು ಬಂದಾಗ ಬಗ್ಗಿಸಲಿಲ್ಲ. ಗಡಿಗೆಯನ್ನೇ ಸತ್ಯವ್ವನ ತೋಳಿಗೆ ನೂಕಿದಳು.

"ಗಟ್ಟಿ ಹಿಡಿ, ಬೀಳಿಸ್ಬ್ಯಾಡ."

ಅರ್ಜುನಪ್ಪನ ಕೈಗೆ ಬಂದ ಆ ಗಡಿಗೆ ಕಂಠದವರೆಗೆ ತುಂಬಿತ್ತು. ಬರಿದಾಗಿ ಅದು ತಿರುಗಿ ಹೋದಾಗ, ಶಿವಲಿಂಗವ್ವನ ಹಿಂದೆ ನಿಂತಿದ್ದ ಕುಂಬಾರ ಮುದಕವ್ವ ಕೈ ಹಿಂದೆಗೆದಳು.

"ಏನ್ ನೋಡ್ತಿ? ನೀನ ಮಾಡಿದ ಗಡಿಗಿ ಅದು," ಅಂದಳು ಶಿವಲಿಂಗವ್ವ. "ಹಿಡಿ ಲಗೂ."

ಮುದಕವ್ವ ಹಿಡಿದಳು. ಅವಳ ಹಿಂದಿನವರಿಗೆ ಯೋಚಿಸಲು ಪುರಸೊತ್ತೇ ಆಗಲಿಲ್ಲ.

ನೀಲಪ್ಪನ ಮನೆಯಲ್ಲಿ ಗೋಡೆ ಮಾತ್ರ ಉಳಿಯಿತು. ಮಿಕ್ಕ ಇಪ್ಪತ್ತೊಂದು ಮನೆ ನಿಂತಲ್ಲೇ ನಿಂತಿದ್ದವು.

ಆಮೇಲೆ ಕೇರಿಯ ಬಾಯಿಯಲ್ಲಿ ನಲವತ್ತು ಗಡಿಗೆ, ಸುತ್ತ ಮೇಲಿನ ಓಣಿಯವರು. ಕೇರಿಯವರ ಕೈ ತಾಗಿದ್ದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ. "ನನಗಂತೂ ಸುಗ್ಗಿ," ಎಂದು ಮುದಕವ್ವ ಮೆಲ್ಲಗೆ ಅಂದಳು. "ನಲವತ್ತು ಹೊಸಾವು ಮಾಡಬೇಕಲ್ಲಾ."

ಶಿವಲಿಂಗವ್ವ ಒಂದೊಂದನ್ನೇ ತಿರುಗಿಸಿ ನೋಡಿ, ಬಾಯಂಚು ಚೂರು ಒಡೆದ ತನ್ನ ಗಡಿಗೆಯನ್ನು ಸೊಂಟಕ್ಕೇರಿಸಿದಳು. ಕೂಸನ್ನು ಎತ್ತಿಕೊಂಡಿದ್ದ ಸೊಸೆ ಹತ್ತಿರ ಬಂದಳು.

"ಅತ್ತಿ, ಅದನ್ನ ಅಡಗಿಮನ್ಯಾಗ ಇಡ್ತೀರೇನ್ರಿ?"

"ಮತ್ತ ನೀರು ಸೆರಗಿನ್ಯಾಗ ತುಂಬಿಡ್ಲೇನು? ಹೊರಸಿನ ಮ್ಯಾಲ ಹೋಗೂ ಮುಂದ ಯಾರ ಹೆಗಲು ಅಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಡಿ, ಕೂಸಿಗೆ ಬಿಸಲು ಬಡ್ಯಾಕತ್ತೈತಿ."

ಅವಳು ಕೆರೆಗಿಳಿದು ತುಂಬಿಕೊಂಡು ಮನೆಯ ದಾರಿ ಹಿಡಿದಳು. ಒಬ್ಬರ ಹಿಂದೊಬ್ಬರು ಬಗ್ಗಿದರು. ಎಲ್ಲರೂ ಅಲ್ಲ, ಹೊತ್ತು ಇಳಿದಾಗ ಹನ್ನೊಂದು ಗಡಿಗೆ ಅಲ್ಲೇ ಉಳಿದಿದ್ದವು. ಅರ್ಜುನಪ್ಪ ಅವನ್ನು ತನ್ನ ಗೋಡೆಗುಂಟ ಸಾಲಾಗಿ ಇಟ್ಟು, ಇವು ದಂಡಿನವು ಅಂದ.

ಮುಂದಿನ ಸೋಮವಾರ ಮತ್ತೆ ಕವಾಯತು. ರೂಢಿಯಂತೆ ಸತ್ಯವ್ವ ತನ್ನ ಗಡಿಗೆಯನ್ನು ಎತ್ತಿ ಒಡ್ಡಿದಳು.

"ಅದನ್ನ ಕೆಳಗಿಡ ಬೇ," ಅಂದಳು ಶಿವಲಿಂಗವ್ವ. "ಕೈ ಚಾಚು."

ಹತ್ತಕ್ಕೆ ಒಂಬತ್ತು ಮುಟ್ಟಿದವು. ಒಂದನ್ನು ಲಾಲಸಾಬ ಎಡವಿ ಒಡೆದಿದ್ದ. ಸತ್ಯವ್ವನ ಸೀರೆ ಸಂಜೆಯವರೆಗೂ ಒಣಗಿಯೇ ಇತ್ತು.