ಏಕಾದಶಿಯ ಮರುದಿನ

ನಮ್ಮ ಯಜಮಾನರು ಸುಬ್ಬರಾಯರಿಗೆ ಹಟ ಜಾಸ್ತಿ. ಅವರ ಅಣ್ಣ ವಾಸುದೇವ ಭಾವನವರು ಮಲದಲ್ಲಿ ರಕ್ತ ಹೋದರೂ ಮೂಲವ್ಯಾಧಿ ಎಂದುಕೊಂಡು, ವರ್ಷಗಟ್ಟಲೆ ಮಜ್ಜಿಗೆ ಕುಡಿದು ಸುಮ್ಮನಿದ್ದರು. ಕೊನೆಗೆ ಅದು ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಗಿ, ದೊಡ್ಡ ಆಪರೇಷನ್ ಆಗಿ, ಈಗ ಮಲ ಹೋಗಲು ಹೊಟ್ಟೆಗೆ ಚೀಲ ಅಂಟಿಸಿಕೊಂಡಿದ್ದಾರೆ. ಒಡಹುಟ್ಟಿದವರಿಗೂ ಇದು ಬರುವ ಸಂಭವ ಹೆಚ್ಚು, ಏನೂ ತೊಂದರೆ ಇಲ್ಲದಿದ್ದರೂ ಕರುಳಿಗೆ ಕ್ಯಾಮೆರಾ ಹಾಕಿಸಿ ನೋಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು.

"ನನಗೇನಾಗೈತಿ? ಕಲ್ಲು ತಿಂದು ಕರಗಸ್ತೀನಿ" ಎಂದರು ಇವರು.

ನಾನು ಬಿಡಬೇಕಲ್ಲ! ಜಗಳಾಡಿ ಒಪ್ಪಿಸಿದೆ. ಹಿಂದಿನ ದಿನ ಏನೂ ತಿನ್ನಬಾರದು ಎಂದಿದ್ದರಿಂದ ಇವರೇ ದ್ವಾದಶಿಯ ಬೆಳಿಗ್ಗೆ ಗೊತ್ತು ಮಾಡಿದರು. "ಹ್ಯಾಂಗೂ ಏಕಾದಶಿ ಉಪವಾಸ ಇರ್ತೀನಲ್ಲ."

ನಮ್ಮ ಮನೆಯ ಏಕಾದಶಿ ಎಂದರೆ ಶೇಂಗಾ ಹಾಕಿದ ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಸಂಜೆಗೆ ರಾಜಗಿರಿ ಉಂಡಿ. ಅನ್ನ ಮುಟ್ಟದಿದ್ದರೆ ಆಯಿತು, ಉಪವಾಸವೇ. ಮರುದಿನ ಡಾಕ್ಟರು ಕ್ಯಾಮೆರಾ ಹಾಕಿದರೆ ಕರುಳೆಲ್ಲ ಕಸ. ಏನೂ ಕಾಣುತ್ತಿಲ್ಲ, ಮತ್ತೆ ಬನ್ನಿ ಎಂದರು.

ಕೂಕಟ್‌ಪಲ್ಲಿಯ ಮನೆ ಸೇರಿದ್ದೇ ಇವರು ಚಪ್ಪಲಿ ಮೂಲೆಗೆ ಎಸೆದರು. ಬಾಗಿಲು ಹಾಕಿದ ಮೇಲೆ, "ಮಾನ ಹೋಗಿದ್ದು ಸಾಕು. ಇನ್ನ ಸತ್ತರೂ ಹೋಗಂಗಿಲ್ಲ" ಎಂದರು. ಇವರು ಹಾಗೆಂದರೆ ಹಾಗೆಯೇ. ಭಾವನವರಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಭಾವನವರು ಮರುದಿನವೇ ಆಟೋ ಹಿಡಿದು ಬಂದರು. ಕಾಫಿಯನ್ನೂ ಮುಟ್ಟದೆ, ತಮ್ಮನ ಮುಂದೆ ನಿಂತು ಅಂಗಿ ಎತ್ತಿದರು. ಆ ಚೀಲವನ್ನು ಅವರು ಯಾರಿಗೂ ತೋರಿಸಿದವರಲ್ಲ.

"ನೋಡಪಾ. ನಾಚಿಕಿ ಅಂತ ನಾ ಯಾರ ಮುಂದೂ ಹೇಳಲಿಲ್ಲ. ಮೊದಲ ತೋರಿಸಿದ್ದರ ಇಷ್ಟು ಆಗ್ತಿರಲಿಲ್ಲ. ನಿನಗ್ಯಾಕ ಬೇಕು ಇದು?"

ಇವರೇ ಎದ್ದು ಆಸ್ಪತ್ರೆಗೆ ಫೋನ್ ಮಾಡಿದರು.

ಎರಡನೆಯ ಸಲ ಬರೀ ನೀರು, ಎಳನೀರು, ಹೊಟ್ಟೆ ತೊಳೆಯುವ ಔಷಧಿ. ನಾನು ಅಡುಗೆಮನೆಗೆ ಬೀಗ ಹಾಕಿಕೊಂಡು ಕೂತೆ. ಕ್ಯಾಮೆರಾಕ್ಕೆ ಒಂದು ಸಣ್ಣ ಗಂಟು ಕಂಡಿತು, ಅಲ್ಲೇ ತೆಗೆದುಬಿಟ್ಟರು. ಪರೀಕ್ಷೆಗೆ ಕಳಿಸಿ ನೋಡಿದರೆ ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತಂತೆ. ಇನ್ನು ಡಾಕ್ಟರು ಹೇಳಿದಾಗ ಬಂದು ತೋರಿಸಿದರೆ ಸಾಕು.

ಸುದ್ದಿಯನ್ನು ಭಾವನವರಿಗೆ ನಾನೇ ಫೋನಿನಲ್ಲಿ ಹೇಳಿದೆ.

"ನಾ ಅನುಭವಿಸಿದ್ದು ದಂಡಕ್ಕ ಹೋಗಲಿಲ್ಲ ನೋಡವಾ" ಎಂದವರೇ ಗಟ್ಟಿಯಾಗಿ ಅಳತೊಡಗಿದರು.

ಇವರು ನನ್ನ ಕೈಯಿಂದ ಫೋನ್ ಕಸಿದುಕೊಂಡರು. "ಅಳಬ್ಯಾಡ ಅಣ್ಣಾ. ನಾಳೆ ತಂಗಿ ಸುಂದರಾನ ಮನಿಗೆ ಹೋಗೂಣು. ಆಕಿಗೂ ತೋರಿಸ್ಕೋ ಅಂತ ನೀನ ಹೇಳಬೇಕು. ನಾನೂ ಬರ್ತೀನಿ."