ನಗುವಾಗ ಕೇಳಬೇಕು

ನನ್ನ ಗಂಡ ಮರುಳಪ್ಪನವರ ಹತ್ತಿರ ಏನು ಕೇಳುವುದಿದ್ದರೂ ನಗುವಾಗ ಕೇಳಬೇಕು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಕಲಿತ ವಿದ್ಯೆ ಇದೊಂದೇ. ಕೊಟ್ಟೂರಿನ ಬಟ್ಟೆ ಅಂಗಡಿಯಿಂದ ಬಂದು, ಏಳೂವರೆಗೆ ಟಿವಿಯಲ್ಲಿ ‘ಗದ್ದಲದ ಮನೆ’ ಧಾರಾವಾಹಿ ನೋಡುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಾರಲ್ಲ, ಆಗ. ನನಗೆ ಹೊಲಿಗೆ ಮಷೀನು ಬಂದದ್ದು ಹಾಗೆ. ತೆಲಿಗಿಯ ತವರಿಗೆ ಎಂಟು ದಿನ ಹೋಗಿಬಂದದ್ದೂ ಹಾಗೆಯೇ.

ಮಗಳು ಪುಷ್ಪಲತಾಳಿಗೂ ಅದನ್ನೇ ಹೇಳಿಕೊಟ್ಟಿದ್ದೆ. ಕೂಡ್ಲಿಗಿಯಲ್ಲಿ ಅವಳು ಪಾಠ ಮಾಡುವ ಶಾಲೆಯ ಗಣಿತದ ಮೇಷ್ಟ್ರು ಅರುಣ್ ಕುಮಾರ್, ಕುರಿ ಸಾಕುವವರ ಮನೆಯ ಹುಡುಗ. ಅವನನ್ನೇ ಮದುವೆಯಾಗುತ್ತೇನೆ ಅಂದಿದ್ದಳು. ನಾನು ಹೋಗಿ ನೋಡಿ ಬಂದಿದ್ದೆ, ಬಂಗಾರದಂಥ ಹುಡುಗ.

ಧಾರಾವಾಹಿಯ ಮಗಳೂ ಬೇರೆ ಜಾತಿಯವನನ್ನು ಮೆಚ್ಚಿದಳು. ಅವಳಪ್ಪ ಒಂದು ವಾರ ಹಾರಾಡಿದ. ಕೊನೆಗೆ ಆ ಹುಡುಗನ ಜತೆ ಮಿರ್ಚಿ ತಿಂದು, ಖಾರ ನೆತ್ತಿಗೇರಿ ಕೆಮ್ಮುತ್ತಾ ಕೆಮ್ಮುತ್ತಾ ಒಪ್ಪಿಕೊಂಡ. ನಮ್ಮವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

“ಅಪ್ಪ ಅಂದ್ರ ಹಿಂಗಿರಬೇಕು ನೋಡು! ಸಂಸ್ಕಾರ ಕಲಿಸ್ತೈತಿ ಇದು” ಅಂದರು.

ನಾನು ಪುಷ್ಪಾಳನ್ನು ಮೊಣಕೈಯಿಂದ ತಿವಿದೆ.

“ಅಪ್ಪಾ, ನಂದೂ ಹಂಗ ಐತಿ” ಎಂದು ಶುರು ಮಾಡಿದವಳು ಹೆಸರು, ಊರು, ಮನೆತನ ಎಲ್ಲ ಹೇಳಿದಳು.

ಅವರ ನಗು ನಿಂತಿತು. ಬೈಯಲಿಲ್ಲ, ಹೊಡೆಯಲಿಲ್ಲ.

“ಅದು ಟಿವಿ ಅವ್ವಾ. ಇದು ಕೊಟ್ಟೂರು.”

ಮರುದಿನದಿಂದ ಅವಳಿಗೆ ಶಾಲೆ ಬಂದ್. ಅವಳ ಫೋನು ಅವರ ಅಂಗಿ ಜೇಬು ಸೇರಿತು. ನಾನು ಬಾಯಿ ತೆರೆದರೆ, “ನಿನಗ ಮೊದ್ಲ ಗೊತ್ತಿತ್ತೇನು?” ಅಂದರು. “ನನಗೇನು ಗೊತ್ರಿ” ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ! ಮಗಳು ಅಲ್ಲೇ ನಿಂತು ಕೇಳಿಸಿಕೊಂಡಳು.

ಹದಿನೈದು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಏಳೂವರೆಗೆ ಮಾತ್ರ, “ಬಾರವ್ವಾ, ಎಲ್ಲಾರೂ ಕೂಡಿ ನೋಡಾಣ” ಎಂದು ಅವರೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಮೊನ್ನೆ ಧಾರಾವಾಹಿಯಲ್ಲಿ ಮದುವೆ. ಬೀಗರು ಕೂತ ಮಂಚ ಮುರಿದು ಮೂವರೂ ದಬಕ್ಕನೆ ಬಿದ್ದರು. ಪುಷ್ಪಾ ಕಿಸಕ್ಕನೆ ನಕ್ಕುಬಿಟ್ಟಳು. ಅಯ್ಯೋ ಶಿವನೇ, ಎಷ್ಟು ದಿನಕ್ಕೆ! ಖುಷಿಗೆ ನಾನೂ ನಕ್ಕೆ.

ಅವರು ಟಿವಿಯ ಸದ್ದು ಸಣ್ಣ ಮಾಡಿದರು. ಅವಳ ತಲೆ ಸವರುತ್ತಾ, “ಭಾನುವಾರ ಹಡಗಲಿಯಿಂದ ನಿನ್ನ ನೋಡಾಕ ಬರ್ತಾರವ್ವಾ. ಹುಡುಗ ಬಸವೇಶ್ ಅಂತ, ನಮ್ಮ ಪೈಕಿನ. ಹೂಂ ಅಂತೀ ಅಲ್ಲ?” ಅಂದರು.

ನನ್ನ ವಿದ್ಯೆ ಇವರಿಗೆ ಗೊತ್ತಿತ್ತು! ಇಷ್ಟು ವರ್ಷವೂ ಗೊತ್ತಿದ್ದೇ ಕೊಟ್ಟಿದ್ದರು, ತಮಗೆ ಕೊಡಬೇಕೆನಿಸಿದ್ದನ್ನು ಮಾತ್ರ.

ಪುಷ್ಪಾ ನನ್ನ ಮುಖ ನೋಡಿದಳು. ಬೇಡ ಅನ್ನು ಮಗಳೇ, ಬೇಡ ಅನ್ನು ಎಂದು ಒಳಗೊಳಗೇ ಕೂಗಿಕೊಂಡೆ.

“ಹೂಂ” ಅಂದಳು.

ಸದ್ದು ಮತ್ತೆ ಏರಿತು. ನಮ್ಮವರು ಮನಸಾರೆ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, “ನಾಗಲಿಂಗೀ, ನಿನಗೇನು ಬೇಕು? ಇವತ್ತು ಕೇಳು” ಅಂದರು.

“ಏನೂ ಬ್ಯಾಡ್ರಿ” ಅಂದೆ.