ರಾಜನ ಕುದುರೆ ಜಿಗಿತ

ಹೊಸಪೇಟೆಯ ಕಲ್ಯಾಣ ಮಂಟಪದ ಬಾಗಿಲಿಗೊಂದು, ವೇದಿಕೆಗೊಂದು ಬ್ಯಾನರ್ ಕಟ್ಟಿದ್ದರು: ‘ಚದುರಂಗ, ಜಗತ್ತಿಗೆ ನಮ್ಮ ಮಣ್ಣಿನ ಕೊಡುಗೆ’. ವೇದಿಕೆಯ ಮೇಜಿನ ಮೇಲೆ ಕೆಂಪು ಬಟ್ಟೆಯ ಚದುರಂಗದ ಹಾಸೊಂದನ್ನು ಪ್ರದರ್ಶನಕ್ಕೆ ಹರಡಿದ್ದರು. ಅದರಲ್ಲಿ ಕಪ್ಪು-ಬಿಳಿ ಮನೆಗಳಿಲ್ಲ, ಬರೀ ದಾರದಲ್ಲಿ ಹೊಲಿದ ಚೌಕಗಳು. ಅದು ಕಂಪ್ಲಿಯ ಪಂಪಮ್ಮನ ಅಪ್ಪನದು.

ಅದನ್ನು ಕೇಳಲು ಪಂದ್ಯ ನಡೆಸುವ ಚದುರಂಗ ಸಂಘದ ಕಾರ್ಯದರ್ಶಿ ನಾಗೇಂದ್ರಪ್ಪನೇ ಅವಳ ಮನೆ ಬಾಗಿಲಿಗೆ ಬಂದಿದ್ದ. ಚಹಾ ಕುಡಿದು, "ಅಕ್ಕಾರ, ಇದು ಬರೇ ಬಟ್ಟಿ ಅಲ್ರೀ, ನಮ್ಮ ಇತಿಹಾಸ. ನೀವೂ ಬಂದು ಆಡ್ರಿ. ನಿಮ್ಮಪ್ಪಾರು ಕಲಿಸಿದಂಗನ ಆಡ್ರಿ, ನಮಗ ಬೇಕಾಗಿದ್ದು ಅದ" ಎಂದಿದ್ದ. ಪಂಪಮ್ಮ ನಂಬಿದಳು. ಅಪ್ಪ ಕೊಟ್ರಯ್ಯ ತೀರಿಕೊಂಡ ಮೇಲೆ ಆ ಆಟಕ್ಕೆ ಮನೆಯಲ್ಲಿ ಜೊತೆಯೇ ಇರಲಿಲ್ಲ. ನಾಲ್ಕು ಜನರ ಮುಂದೆ ಒಂದು ಸಲ ಅಪ್ಪನ ಆಟ ಆಡಬೇಕು, ಅಷ್ಟೇ ಅವಳ ಆಸೆ.

ಪಂದ್ಯದ ದಿನ, ವೇದಿಕೆಯ ಕೆಳಗಿನ ಮೇಜಿನಲ್ಲಿ ಅವಳ ಎದುರಿಗೆ ಕುಳಿತವನು ಸಂಡೂರಿನ ಗಣಿ ಎಂಜಿನಿಯರ್ ಮನೋಹರ್. ಮರ್ಯಾದಸ್ಥ ಹುಡುಗ, ಆದರೆ ಆಟದಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಪಂಪಮ್ಮನ ರಾಜನನ್ನು ಮೂಲೆಗೆ ಒತ್ತಿಬಿಟ್ಟ. ಪಂಪಮ್ಮ ಒಳಗೊಳಗೇ ನಕ್ಕಳು. ಇದಕ್ಕೇ ಅಲ್ಲವೇ ಅಪ್ಪ ಹೇಳಿಕೊಟ್ಟದ್ದು? ಇನ್ನೂ ಒಮ್ಮೆಯೂ ಶಹ, ಅಂದರೆ ಚೆಕ್, ಬೀಳದ ರಾಜ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಅವಳು ರಾಜನನ್ನೆತ್ತಿ ಕಾಲಾಳುಗಳ ಆಚೆ ಕೂರಿಸಿದಳು.

ತೀರ್ಪುಗಾರ ಓಡಿ ಬಂದ. "ಅಮ್ಮಾ, ತಪ್ಪು ನಡಿ ಇದು. ರಾಜ ಹಂಗ ಹಾರಂಗಿಲ್ಲ. ಹಿಂದಕ್ಕ ತಗೊಳ್ರಿ, ಇಲ್ಲಾಂದ್ರ ಸೋತಂಗ."

"ನಮ್ಮ ಆಟದಾಗ ಹಾರ್ತಾನ್ರೀ. ಹಿಂದಿನಿಂದ ಹಂಗ ಐತಿ. ನಾಗೇಂದ್ರಪ್ಪನ್ನ ಕೇಳ್ರಿ."

ನಾಗೇಂದ್ರಪ್ಪ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡ. ಹಿಂದಿನ ಸಾಲಿನಿಂದ ಯಾರೋ, "ಅಜ್ಜಿಗೆ ಆಟನ ಬರಂಗಿಲ್ಲ ಬಿಡಲೇ" ಎಂದು ಕಿಸಕ್ಕನೆ ನಕ್ಕರು. ಪಂಪಮ್ಮನ ಮೈಯೆಲ್ಲ ಉರಿದುಹೋಯಿತು. ತನ್ನನ್ನು ಅಂದರೆ ಹೋಗಲಿ, ಇದು ಅಪ್ಪನಿಗೇ ಆಟ ಬರುತ್ತಿರಲಿಲ್ಲ ಎಂದ ಹಾಗೆ. ಅದೇ ಹೊತ್ತಿಗೆ ವೇದಿಕೆಯಲ್ಲಿ ಅತಿಥಿಯೊಬ್ಬರು, ಈ ಆಟ ಇಲ್ಲಿ ಹುಟ್ಟಿ ಪರ್ಷಿಯಾಕ್ಕೆ ಹೋಯಿತು, ಅರಬರ ಕೈ ಸೇರಿತು, ಯುರೋಪಿನವರು ನಮ್ಮ ಮಂತ್ರಿಯನ್ನು ರಾಣಿ ಮಾಡಿಕೊಂಡರು ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಚಪ್ಪಾಳೆಯೋ ಚಪ್ಪಾಳೆ. ಅಲ್ಲಿ ಮಂತ್ರಿ ಹೆಣ್ಣಾದರೂ ಇವರಿಗೆ ಸರಿ, ಕಂಪ್ಲಿಯಲ್ಲಿ ರಾಜ ಒಂದು ಸಲ ಜಿಗಿದರೆ ತಪ್ಪು! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಪಂಪಮ್ಮ ಎದ್ದು ನೆಟ್ಟಗೆ ವೇದಿಕೆ ಹತ್ತಿದಳು. ಹಾಸನ್ನು ಕೊಡವಿ ಮಡಚತೊಡಗಿದಳು.

ಈಗ ನಾಗೇಂದ್ರಪ್ಪ ಓಡೋಡಿ ಬಂದ. "ಅಕ್ಕಾರ, ಫೋಟೊ ಇನ್ನೂ ಆಗಿಲ್ರೀ!"

"ನಮ್ಮಪ್ಪನ ಹಾಸು ಬೇಕು, ನಮ್ಮಪ್ಪನ ಆಟ ಬ್ಯಾಡ. ನಾಚಿಕಿ ಬರಂಗಿಲ್ಲೇನು ನಿನಗ?" ಮೈಕಿನ ಹತ್ತಿರವೇ ನಿಂತಿದ್ದರಿಂದ ಆ ಮಾತು ಇಡೀ ಮಂಟಪಕ್ಕೆ ಕೇಳಿಸಿತು.

ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತು ಅವಳು ದಣಿವಾರಿಸಿಕೊಳ್ಳುತ್ತಿದ್ದಾಗ ಮನೋಹರ್ ಬಂದ. ಕೈಯಲ್ಲಿ ಕಾಯಿಗಳ ಡಬ್ಬಿ.

"ಅಮ್ಮಾರ, ಒಳಗ ನಾನ ಗೆದ್ದೆ ಅಂತ ಬರಕೊಂಡ್ರು. ನನಗದು ಬ್ಯಾಡ. ನೀವು ರಾಜನ್ನ ಹಾರಿಸಿದ ಮ್ಯಾಲ ನನ್ನ ನಡಿ ಬಾಕಿ ಐತಲ್ರೀ."

ಪಂಪಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಆದರೂ ಹಾಸು ಬಿಚ್ಚಿ ಕಟ್ಟೆಯ ಮೇಲೆ ಹರಡಿದಳು.

"ಕುಂದ್ರು" ಎಂದಳು. "ಆ ಬ್ಯಾನರಿಗೆ ಬೆನ್ನು ಮಾಡಿ ಕುಂದ್ರು."